ಊರಿನ ಕಾವಲಿಗೆ ಕರ. ಕರಕ್ಕೆ ಕಾವಲು ಯಾರು?

ನಡುರಾತ್ರಿಯಲ್ಲಿ ಮನೆಗೆ ಬೆಂಕಿ ಬಿದ್ದರೆ ಕೂಗಿದೊಡನೆ ನೀರಿನ ಬಂಡಿ ಬರಬೇಕು. ಕಳ್ಳನು ಕದ ಮುರಿಯುತ್ತಿದ್ದರೆ ಕರೆದೊಡನೆ ಪೊಲೀಸರು ಬರಬೇಕು. ಊರು ಕಟ್ಟಿಕೊಂಡು ಬಾಳುವ ಮನುಷ್ಯನು ತನ್ನ ಪೌರಸಭೆಯಿಂದ ಬಯಸುವ ಮೊದಲನೆಯ ಸೇವೆ ಇದು. ರಸ್ತೆಯ ಕೆಲಸ ಒಂದು ವರುಷ ತಡವಾದರೆ ಜನರು ತಾಳಿಯಾರು. ಉದ್ಯಾನವಿಲ್ಲದಿದ್ದರೂ ದಿನ ಕಳೆದಾರು. ಆದರೆ ಪ್ರಾಣ ಮತ್ತು ಸೊತ್ತುಗಳ ಭದ್ರತೆಯನ್ನು ನಾಳೆಗೆ ಮುಂದೂಡಲು ಬರುವಂತಿಲ್ಲ. ಇದರಲ್ಲಿ ವಾದವಿಲ್ಲ. ವಾದವಿರುವುದು ಹಣದಲ್ಲಿ. ಈ ಕಾವಲಿನ ವೆಚ್ಚವನ್ನು ಯಾರು ಕೊಡಬೇಕು? ಯಾವ ರೀತಿಯಿಂದ ಕೊಡಬೇಕು? ಕೊಟ್ಟ ಹಣದ ಲೆಕ್ಕವನ್ನು ಯಾರು ಕೇಳಬೇಕು? ಈ ಮೂರು ಪ್ರಶ್ನೆಗಳನ್ನು ಅಮೇರಿಕದ ಸಣ್ಣ ನಗರಗಳು ತಮ್ಮ ಪೌರರ ಮುಂದೆಯೇ ಇಟ್ಟು ಮತ ಕೇಳಿವೆ. ಅವು ಕಂಡ ಫಲವನ್ನು, ಪಟ್ಟ ಪಾಡನ್ನು ನಮ್ಮ ವಾಚಕರು ತಿಳಿದುಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಕ್ಯಾಲಿಫೋರ್ನಿಯಾ ರಾಜ್ಯದ ಕಥೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ನಗರಗಳು ಹಿಂದೆ ಮನೆ ಮತ್ತು ಭೂಮಿಗಳ ಮೇಲಿನ ಕರದಿಂದ ನಡೆಯುತ್ತಿದ್ದವು. ಮನೆಗಳ ಬೆಲೆ ಏರಿದಂತೆ ಕರವೂ ಏರಿ, ವೃದ್ಧರೂ ಮಧ್ಯಮ ವರ್ಗದವರೂ ತಮ್ಮ ಮನೆಯಲ್ಲಿಯೇ ತಾವು ಉಳಿಯಲಾರದ ಸ್ಥಿತಿ ಬಂದಿತು. ೧೯೭೮ರ ಜೂನ್ ತಿಂಗಳಲ್ಲಿ ಮತದಾರರು ೧೩ನೆಯ ಠರಾವೆಂದು ಪ್ರಸಿದ್ಧವಾದ ತಿದ್ದುಪಡಿಯನ್ನು ಬಹು ದೊಡ್ಡ ಬಹುಮತದಿಂದ ಅಂಗೀಕರಿಸಿದರು. ಅದರ ಮೇರೆಗೆ ಆಸ್ತಿಯ ಕರವು ನಿರ್ಧರಿತ ಬೆಲೆಯ ಶೇಕಡಾ ೧ನ್ನು ಮೀರಕೂಡದು. ಆಸ್ತಿ ಕೈ ಬದಲಾಗುವವರೆಗೆ ಆ ಬೆಲೆಯನ್ನು ವರುಷಕ್ಕೆ ಶೇಕಡಾ ೨ಕ್ಕಿಂತ ಹೆಚ್ಚು ಏರಿಸಕೂಡದು. ಮನೆಯವರಿಗೆ ನೆಮ್ಮದಿಯಾಯಿತು. ಆದರೆ ಆಸ್ತಿಯ ಕರದಿಂದ ಬರುತ್ತಿದ್ದ ಉತ್ಪನ್ನವು ಒಮ್ಮೆಲೇ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಬೆಂಕಿಯೂ ಕಳ್ಳತನವೂ ಮಾತ್ರ ಅರ್ಧಕ್ಕೆ ಇಳಿಯಲಿಲ್ಲ.

ಅಂದಿನಿಂದ ನಗರಗಳು ಇನ್ನೊಂದು ಬಾಗಿಲನ್ನು ತಟ್ಟತೊಡಗಿದವು. ಅದೇ ವಿಕ್ರಯಕರ, ಎಂದರೆ ಅಂಗಡಿಯಲ್ಲಿ ಕೊಂಡ ಸರಕಿನ ಮೇಲೆ ಕೊಳ್ಳುವವನು ತೆರುವ ತೆರಿಗೆ. ರಾಜ್ಯದ ಉದ್ದಗಲಕ್ಕೂ ಅದರ ಕನಿಷ್ಠ ದರವು ೨೦೧೭ರಿಂದ ಶೇಕಡಾ ೭.೨೫ ಆಗಿದೆ, ಅದರಲ್ಲಿ ಶೇಕಡಾ ೧ರಷ್ಟು ಮಾರಾಟ ನಡೆದ ಊರಿಗೆ ಸಲ್ಲುತ್ತದೆ. ಇದರ ಮೇಲೆ ಕಾಲು, ಅರ್ಧ, ಒಂದು ಎಂದು ನಗರಗಳು ತಮ್ಮ ತಮ್ಮ ಹೆಚ್ಚುವರಿ ಕರವನ್ನು ಪೌರರ ಮತ ಪಡೆದು ಕೂಡಿಸಬಹುದು. ೧೯೯೩ರ ನವೆಂಬರಿನಲ್ಲಿ ರಾಜ್ಯದ ಮತದಾರರೆಲ್ಲರೂ ೧೭೨ನೆಯ ಠರಾವಿನ ಮೂಲಕ ಸ್ಥಳೀಯ ಸಂರಕ್ಷಣೆಗೆಂದೇ ಅರ್ಧ ಸೇಂಟಿನ ಕರವನ್ನು ಮೀಸಲಿಟ್ಟರು. ರಾಜ್ಯ ಸರಕಾರವು ತನ್ನ ಕೊರತೆಯನ್ನು ತುಂಬಿಕೊಳ್ಳಲು ಸ್ಥಳೀಯ ಸಂಸ್ಥೆಗಳ ಆಸ್ತಿ ಕರದ ಭಾಗವನ್ನು ಶಾಲೆಗಳ ಕಡೆಗೆ ತಿರುಗಿಸಿದ್ದರಿಂದ ಬಿದ್ದ ತೂತಿಗೆ ಇದು ತೇಪೆ. ಅದಾದರೂ ಬಹುಮಟ್ಟಿಗೆ ಕೌಂಟಿಗಳ ಪಾಲಾಗಿ, ನಗರಗಳಿಗೆ ದೊರೆತದ್ದು ಅಲ್ಪ. ಮೇಲಿನ ಸರಕಾರವು ಒಂದು ಕೈಯಿಂದ ಕಸಿದುಕೊಂಡುದನ್ನು ಜನರೇ ಇನ್ನೊಂದು ಕೈಯಿಂದ ತುಂಬಿಕೊಟ್ಟರೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ವ್ಯಾಲೆಹೋ ಎಂಬ ನಗರವನ್ನು ನೋಡೋಣ. ಜನಸಂಖ್ಯೆಯಲ್ಲಿ ಅದು ನಮ್ಮ ಬಾಗಲಕೋಟೆಗೆ ಹೆಚ್ಚುಕಡಿಮೆ ಸರಿಸಮಾನ. ೨೦೧೦–೧೧ರ ಜನಗಣತಿಗಳಲ್ಲಿ ಎರಡೂ ೧ ಲಕ್ಷ ೧೦ ಸಾವಿರದಿಂದ ೧ ಲಕ್ಷ ೨೦ ಸಾವಿರದ ಒಳಗಿನವು. ಅಲ್ಲಿಯ ಮೇರ್ ದ್ವೀಪದಲ್ಲಿ ೧೮೫೪ರಲ್ಲಿ ಸ್ಥಾಪಿತವಾದ ನೌಕಾದಳದ ಹಡಗುಕಟ್ಟೆಯು ಊರಿನ ಅನ್ನದ ಬಟ್ಟಲಾಗಿತ್ತು. ೧೯೯೬ರಲ್ಲಿ ಅದು ಮುಚ್ಚಿತು. ಆದಾಯ ಕುಂದಿದರೂ ಪೊಲೀಸರ ಮತ್ತು ಅಗ್ನಿಶಾಮಕರ ವೇತನ, ನಿವೃತ್ತಿ ವೇತನಗಳ ಕರಾರುಗಳು ಕುಂದಲಿಲ್ಲ. ಸಾಮಾನ್ಯ ನಿಧಿಯ ಸುಮಾರು ಮುಕ್ಕಾಲು ಪಾಲು ಅವುಗಳಿಗೇ ಹೋಗುತ್ತಿತ್ತು. ಮನೆಗಳ ಬೆಲೆ ಕುಸಿದ ವರುಷ, ೨೦೦೮ರ ಮೇ ತಿಂಗಳಲ್ಲಿ, ನಗರವು ತಾನು ದಿವಾಳಿಯೆಂದು ನ್ಯಾಯಾಲಯದಲ್ಲಿ ಅರ್ಜಿ ಹಾಕಿಕೊಂಡಿತು. ಅಗ್ನಿಶಾಮಕ ಠಾಣೆಗಳಲ್ಲಿ ಕೆಲವು ಮುಚ್ಚಿದವು; ಪೊಲೀಸರ ಸಂಖ್ಯೆ ಬಹಳವಾಗಿ ಇಳಿಯಿತು. ಕಾವಲಿಗಾಗಿ ಹೆಚ್ಚು ಖರ್ಚು ಮಾಡಿದ ಊರೇ ಕೊನೆಗೆ ಕಾವಲಿಲ್ಲದ ಊರಾಯಿತು.

ಆ ಸಂಕಟದಲ್ಲಿ, ೨೦೧೧ರ ನವೆಂಬರಿನಲ್ಲಿ, ನಗರಸಭೆಯು ಹತ್ತು ವರುಷಗಳ ಮಿತಿಯ ಶೇಕಡಾ ೧ರ ವಿಕ್ರಯಕರವನ್ನು ಮತಕ್ಕೆ ಇಟ್ಟಿತು. ಅತ್ಯಲ್ಪ ಅಂತರದಿಂದ ಅದು ಗೆದ್ದಿತು. ಮುಂದೆ ನಡೆದುದು ನಮ್ಮ ವಿಶೇಷ ಲಕ್ಷ್ಯಕ್ಕೆ ಪಾತ್ರವಾದುದು. ೨೦೧೨ರಲ್ಲಿ ಆ ನಗರವು ಈ ಹೊಸ ಕರದ ಉತ್ಪನ್ನದಲ್ಲಿ ಒಂದು ಪಾಲನ್ನು, ಮೊದಲ ಸಲಕ್ಕೆ ೩೦ ಲಕ್ಷ ಡಾಲರುಗಳಿಗೂ ಮಿಕ್ಕಿದ ಮೊತ್ತವನ್ನು, ಯಾವ ಕೆಲಸಕ್ಕೆ ಬಳಸಬೇಕೆಂದು ಊರಿನವರೇ ಸಭೆ ಸೇರಿ, ಯೋಜನೆ ಬರೆದು, ಮತ ಕೊಟ್ಟು ನಿರ್ಣಯಿಸುವ ಪದ್ಧತಿಯನ್ನು ಕೈಕೊಂಡಿತು. ಬ್ರೆಝಿಲ್ ದೇಶದ ಪೋರ್ಟೊ ಅಲೆಗ್ರೆಯಲ್ಲಿ ೧೯೮೯ರಲ್ಲಿ ಮೊದಲಾದ ಈ ಪದ್ಧತಿಯನ್ನು ಅಮೇರಿಕದಲ್ಲಿ ಇಡೀ ನಗರಕ್ಕೆ ಅನ್ವಯಿಸಿದ ಮೊದಲನೆಯ ಊರು ಈ ದಿವಾಳಿ ಎದ್ದ ಊರೇ. ಬೊಕ್ಕಸ ತುಂಬಿದ್ದಾಗ ಯಾರಿಗೂ ತೋಚದ ಬುದ್ಧಿಯನ್ನು ಬರಿದಾದ ಬೊಕ್ಕಸವು ಕಲಿಸಿತು.

ಇಷ್ಟರಿಂದ ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ನಾವು ವಾಚಕರನ್ನು ವಂಚಿಸಿದಂತಾದೀತು. ಹತ್ತು ವರುಷಗಳ ಕರವು ೨೦೧೬ರ ಮತದಿಂದ ಮಿತಿಯಿಲ್ಲದ ಕರವಾಯಿತು. ಅದು ಸಾಲದೆ ೨೦೨೨ರಲ್ಲಿ ಮತ್ತೆ ಶೇಕಡಾ ಏಳೆಂಟಾಂಶದ ಇನ್ನೊಂದು ಕರವೂ ಬಂದಿತು. ತಾತ್ಕಾಲಿಕವೆಂದು ಮನೆಗೆ ಬಂದ ಅತಿಥಿಯು ಜಗಲಿಯಲ್ಲಿಯೇ ಬಿಡಾರ ಹೂಡಿದನು. ಹಣ ಬಂದರೂ ಭದ್ರತೆ ಬಂದಿತೆ? ಅಲ್ಲಿಯ ಪೊಲೀಸರ ಗುಂಡಿಗೆ ಸಿಕ್ಕಿ ಸತ್ತವರ ವಿಷಯದಲ್ಲಿ ಊರು ಕುದಿಯಿತು. ಗುಂಡು ಹಾರಿಸಿದ ನೆನಪಿಗೆ ಕೆಲವು ಪೊಲೀಸರು ತಮ್ಮ ಬಿಲ್ಲೆಯ ಮೂಲೆಯನ್ನು ಬಗ್ಗಿಸಿಕೊಳ್ಳುತ್ತಿದ್ದರೆಂಬ ಆಪಾದನೆ ೨೦೨೦ರಲ್ಲಿ ಬಯಲಿಗೆ ಬಂದಿತು. ಅದೇ ವರುಷ ರಾಜ್ಯದ ನ್ಯಾಯ ಇಲಾಖೆಯು ಸುಧಾರಣೆಗಾಗಿ ನಡುವೆ ಪ್ರವೇಶಿಸಿತು. ೨೦೨೩ರಲ್ಲಿ ಪೊಲೀಸರ ಕೊರತೆಯ ಕಾರಣದಿಂದ ನಗರಸಭೆಯು ತುರ್ತು ಪರಿಸ್ಥಿತಿಯನ್ನೇ ಸಾರಿತು. ಕರವು ವೇತನವನ್ನು ಕೊಡಬಲ್ಲದು, ವಿಶ್ವಾಸವನ್ನು ಕೊಡಲಾರದು. ಬೇಲಿಯೇ ಎದ್ದು ಹೊಲ ಮೇಯುವಂತಾದರೆ ಬೇಲಿಗೆ ಇನ್ನಷ್ಟು ಮುಳ್ಳು ಕೊಂಡು ತಂದ ಮಾತ್ರಕ್ಕೆ ಬೆಳೆ ಉಳಿಯುವುದಿಲ್ಲ.

ಕಾಯಿದೆಯನ್ನು ಬಲ್ಲವರು ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಕಾಣುವರು. ಆ ರಾಜ್ಯದ ಘಟನೆಯಲ್ಲಿ ಕರಗಳು ಎರಡು ಬಗೆ. ಸಾಮಾನ್ಯ ನಿಧಿಗೆ ಹೋಗುವ ಕರಕ್ಕೆ ಪೌರರ ಸಾದಾ ಬಹುಮತ ಸಾಕು. ನಗರಸಭೆಯೇ ಮುಂದಿಡುವ, ಒಂದು ಗೊತ್ತಾದ ಉದ್ದೇಶಕ್ಕೆ ಕಟ್ಟಿಹಾಕಿದ ಕರಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ೧೯೭೮ರ ತಿದ್ದುಪಡಿಯಿಂದಲೂ ೧೯೯೬ರ ೨೧೮ನೆಯ ಠರಾವಿನಿಂದಲೂ ಈ ಭೇದವು ಸ್ಥಿರವಾಯಿತು. ಇದರ ಪರಿಣಾಮವು ವಿಚಿತ್ರವಾದುದು. "ಈ ಹಣವನ್ನು ಪೊಲೀಸರಿಗೇ ಖರ್ಚು ಮಾಡುತ್ತೇವೆ" ಎಂದು ಕಾಯಿದೆಯಲ್ಲಿ ಬರೆದುಕೊಡುವ ಸಭೆಗೆ ದಾರಿ ಕಠಿಣ. ಏನನ್ನೂ ಬರೆದುಕೊಡದ ಸಭೆಗೆ ದಾರಿ ಸುಗಮ. ೨೦೧೨ರಲ್ಲಿ ದಿವಾಳಿಯಾದ ಸ್ಟಾಕ್ಟನ್ ನಗರವು ಈ ಸಂದಿಯಲ್ಲಿ ನುಸುಳಿತು. ಅದು ಸಣ್ಣ ಊರಲ್ಲ, ಸುಮಾರು ೩ ಲಕ್ಷ ಜನರ ಊರು. ಆ ಒಂದು ವರುಷದಲ್ಲಿ ಅಲ್ಲಿ ೭೧ ಕೊಲೆಗಳು ನಡೆದಿದ್ದವು. ೨೦೧೩ರ ನವೆಂಬರಿನಲ್ಲಿ ಅದು ಎರಡು ಠರಾವುಗಳನ್ನು ಒಟ್ಟಿಗೆ ಮತಕ್ಕೆ ಇಟ್ಟಿತು. ಒಂದು, ಮುಕ್ಕಾಲು ಸೇಂಟಿನ ಸಾಮಾನ್ಯ ಕರ. ಇನ್ನೊಂದು, ಆ ಹಣದ ಶೇಕಡಾ ೬೫ ಕಾವಲು ಮತ್ತು ಅಪರಾಧ ನಿವಾರಣೆಗೆ, ಶೇಕಡಾ ೩೫ ದಿವಾಳಿಯಿಂದ ಪಾರಾಗಲು ಹೋಗಲೆಂಬ ಬರಿಯ ಸಲಹೆ. ಎರಡೂ ಗೆದ್ದವು. ಮೊದಲನೆಯದು ಕಾಯಿದೆ; ಎರಡನೆಯದು ನ್ಯಾಯಾಲಯದಲ್ಲಿ ನಿಲ್ಲದ ಮಾತು.

ಇದನ್ನು ಮೋಸವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಮೂರರಲ್ಲಿ ಒಂದು ಪಾಲಿಗಿಂತ ಒಂದೇ ಮತ ಹೆಚ್ಚಿರುವವರು ಊರಿನ ಉಳಿದವರೆಲ್ಲರ ಇಚ್ಛೆಯನ್ನು ತಡೆಯುವುದು ಪ್ರಜಾತಂತ್ರದ ಲಕ್ಷಣವೇ ಎಂಬ ಪ್ರಶ್ನೆಗೂ ತೂಕವುಂಟು. ಆದರೆ ಕೊಟ್ಟ ಮಾತನ್ನು ನಡೆಸದಿದ್ದರೆ ಕೇಳುವ ಅಧಿಕಾರವಿಲ್ಲದ ಒಪ್ಪಿಗೆಯು ಅರ್ಧ ಒಪ್ಪಿಗೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯು ಖಾಸಗಿ ಸಾಲಕ್ಕಿಂತ ಸಾರ್ವಜನಿಕ ಕರಕ್ಕೇ ಹೆಚ್ಚು ಒಪ್ಪುತ್ತದೆ. ಆ ಊರಿನವರು ಲೆಕ್ಕವನ್ನು ಪರಾಂಬರಿಸಲು ಪೌರರ ಸಮಿತಿಯೊಂದನ್ನು ನೇಮಿಸಿಕೊಂಡುದು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವ ಯತ್ನ.

ವಿಕ್ರಯಕರದ ಸ್ವಭಾವದಲ್ಲಿಯೇ ಮೂರು ದೋಷಗಳುಂಟು. ಮೊದಲನೆಯದಾಗಿ, ಅದು ಬಡವನ ಮೇಲೆ ಹೆಚ್ಚು ಭಾರ. ಗಳಿಸಿದುದನ್ನೆಲ್ಲ ಖರ್ಚುಮಾಡಿಯೇ ಬದುಕಬೇಕಾದ ಕೂಲಿಕಾರನು ತನ್ನ ಆದಾಯದ ಬಹುಭಾಗದ ಮೇಲೆ ಕರ ತೆರುತ್ತಾನೆ. ಉಳಿಸಿ ಬಡ್ಡಿಗೆ ಇಡಬಲ್ಲ ಧನಿಕನು ಸ್ವಲ್ಪ ಭಾಗದ ಮೇಲೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ದಿನಸಿ ಆಹಾರಕ್ಕೂ ವೈದ್ಯರು ಬರೆದುಕೊಟ್ಟ ಔಷಧಕ್ಕೂ ಈ ಕರವಿಲ್ಲವೆಂಬುದು ಸಮಾಧಾನದ ಸಂಗತಿಯೇ ಸರಿ. ಆದರೂ ಬಟ್ಟೆ, ಪಾತ್ರೆ, ಶಾಲೆಯ ಸಾಮಾನುಗಳಿಗೆ ಉಂಟು. ಎರಡನೆಯದಾಗಿ, ವ್ಯಾಪಾರ ಕುಗ್ಗಿದ ವರುಷ ಈ ಕರವೂ ಕುಗ್ಗುತ್ತದೆ. ೨೦೦೮–೦೯ರ ಮುಗ್ಗಟ್ಟಿನಲ್ಲಿ ಅದೇ ಆಯಿತು. ಕೆಲಸ ಕಳೆದುಕೊಂಡವರ ಗೋಳು ಹೆಚ್ಚಿ ಕಾವಲು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಕಾವಲಿನ ಹಣ ಬತ್ತಿತು. ಮೂರನೆಯದಾಗಿ, ಮಾರಾಟ ನಡೆದಲ್ಲಿಗೆ ಕರ ಹೋಗುವುದರಿಂದ ಊರೂರುಗಳ ನಡುವೆ ಪೈಪೋಟಿ ಹುಟ್ಟುತ್ತದೆ. ಮೋಟಾರು ಮಾರುವ ಮಳಿಗೆಗಳನ್ನೂ ದೊಡ್ಡ ಅಂಗಡಿಗಳನ್ನೂ ತಮ್ಮ ಎಲ್ಲೆಯೊಳಗೆ ಎಳೆದುಕೊಳ್ಳಲು ನಗರಗಳು ಹೋರಾಡುತ್ತವೆ. ಜನರು ವಾಸಿಸಲು ಮನೆಗಳನ್ನು ಕಟ್ಟಿಸುವುದರಲ್ಲಿ ಅವುಗಳಿಗೆ ಲಾಭ ತೋರುವುದಿಲ್ಲ. ಅಂಗಡಿಯಿಲ್ಲದ ಬಡ ಊರು ಬಡವಾಗಿಯೇ ಉಳಿಯುತ್ತದೆ.

ಹಾಗಾದರೆ ಈ ಕರವನ್ನು ಬಿಟ್ಟುಬಿಡುವುದೇ ಒಳ್ಳೆಯದಲ್ಲವೆ ಎಂದು ಕೇಳುವವರಿಗೆ ಮಿಸೂರಿ ರಾಜ್ಯದ ಫರ್ಗ್ಯುಸನ್ ಎಂಬ ೨೧ ಸಾವಿರ ಜನರ ಊರನ್ನು ತೋರಿಸುತ್ತೇವೆ. ೨೦೧೪ರ ಆಗಸ್ಟಿನಲ್ಲಿ ಅಲ್ಲಿ ಹದಿನೆಂಟು ವಯಸ್ಸಿನ ತರುಣನೊಬ್ಬನು ಪೊಲೀಸರ ಗುಂಡಿಗೆ ಬಲಿಯಾದುದರಿಂದ ದೇಶವೇ ತಲ್ಲಣಿಸಿತು. ೨೦೧೫ರ ಮಾರ್ಚಿಯಲ್ಲಿ ಪ್ರಕಟವಾದ ಕೇಂದ್ರ ನ್ಯಾಯ ಇಲಾಖೆಯ ವರದಿಯು ಆ ಗುಂಡಿನ ಹಿಂದಿನ ಬಹುಕಾಲದ ಬೇನೆಯನ್ನು ಬಿಚ್ಚಿ ತೋರಿಸಿತು. ಆ ಊರಿನ ಸಾಮಾನ್ಯ ಆದಾಯದಲ್ಲಿ ಕಾಲು ಭಾಗಕ್ಕೆ ಸಮೀಪದಷ್ಟನ್ನು ದಂಡ ಮತ್ತು ನ್ಯಾಯಾಲಯದ ಶುಲ್ಕಗಳಿಂದಲೇ ಎತ್ತುವ ಎಣಿಕೆ ಇತ್ತು. ೨೦೧೩ನೆಯ ಒಂದು ವರುಷದಲ್ಲಿ ಅಲ್ಲಿಯ ಪೌರ ನ್ಯಾಯಾಲಯವು ೯ ಸಾವಿರಕ್ಕೂ ಹೆಚ್ಚು ವಾರಂಟುಗಳನ್ನು ಹೊರಡಿಸಿತ್ತು. ವಾಹನ ನಿಲುಗಡೆಯ ತಪ್ಪು, ಹುಲ್ಲು ಕೊಯ್ಯದ ತಪ್ಪು ಇವೇ ಬಡವರನ್ನು, ವಿಶೇಷತಃ ಕರಿಯ ಜನರನ್ನು, ಸೆರೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದವು. ಎಲ್ಲರೂ ಬಹಿರಂಗವಾಗಿ ಕೊಡುವ ಕರವನ್ನು ಎತ್ತಲು ಧೈರ್ಯವಿಲ್ಲದ ಆಡಳಿತವು ಸೋತವರಿಂದ ದಂಡವನ್ನು ಕೀಳತೊಡಗುತ್ತದೆ. ಪೊಲೀಸನು ರಕ್ಷಕನಾಗದೆ ವಸೂಲಿಯ ಗುಮಾಸ್ತನಾಗುತ್ತಾನೆ. ಇದಕ್ಕಿಂತ ನೇರವಾದ ಕರವು ನೂರು ಪಾಲು ಮೇಲು.

ನಮ್ಮ ಕಡೆಗೆ ತಿರುಗೋಣ. ಊರಿನೊಳಗೆ ಬರುವ ಸರಕಿನ ಮೇಲೆ ಕರವೆತ್ತುವ ರೂಢಿ ನಮಗೆ ಹೊಸದಲ್ಲ. ಮುಂಬಯಿ ಇಲಾಖೆಯಲ್ಲಿದ್ದ ನಮ್ಮ ಪಟ್ಟಣಗಳಲ್ಲಿ ಜಕಾತಿಯ ನಾಕೆಯ ಮುಂದೆ ಚಕ್ಕಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಹಿರಿಯರು ಮರೆತಿಲ್ಲ. ಕನ್ನಡ ನಾಡು ಹರಿದುಹಂಚಿಹೋಗಿದ್ದ ಕಾಲದಲ್ಲಿ ಬಳ್ಳಾರಿಗೆ ಮದ್ರಾಸಿನ ೧೯೩೯ರ ವಿಕ್ರಯಕರದ ಕಾಯಿದೆ, ಹುಬ್ಬಳ್ಳಿಗೆ ಮುಂಬಯಿಯ ೧೯೪೬ರ ಕಾಯಿದೆ, ದಾವಣಗೆರೆಗೆ ಮೈಸೂರಿನ ೧೯೪೮ರ ಕಾಯಿದೆ ಎಂದು ಒಂದೇ ಸೀರೆಗೆ ಮೂರು ಊರುಗಳಲ್ಲಿ ಮೂರು ನ್ಯಾಯವಿದ್ದಿತು. ೧೯೫೬ರಲ್ಲಿ ನಾಡು ಒಂದಾಗಿ, ೧೯೫೭ರಲ್ಲಿ ಒಂದೇ ವಿಕ್ರಯಕರದ ಕಾಯಿದೆ ಬಂದುದು ಏಕೀಕರಣದ ಪ್ರತ್ಯಕ್ಷ ಫಲಗಳಲ್ಲಿ ಒಂದು. ೧೯೭೯ರಲ್ಲಿ ಜಕಾತಿಯು ರದ್ದಾಗಿ ಅದರ ಸ್ಥಾನದಲ್ಲಿ ರಾಜ್ಯ ಸರಕಾರವೇ ಎತ್ತುವ ಪ್ರವೇಶ ಕರ ಬಂದಿತು. ೨೦೧೭ರ ಜುಲೈ ೧ರಿಂದ ಅದೂ ಸರಕು ಮತ್ತು ಸೇವಾ ತೆರಿಗೆಯಲ್ಲಿ ಕರಗಿಹೋಯಿತು. ವ್ಯಾಪಾರಕ್ಕೆ ಇದರಿಂದ ಅನುಕೂಲವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಾಕೆಗಳು ಮರಳಿ ಬರಲೆಂದು ನಾವು ಕೇಳುವುದೂ ಇಲ್ಲ. ಆದರೆ ಆ ತೆರಿಗೆಯ ದರವನ್ನು ಚರ್ಚಿಸುವ ಮಂಡಲಿಯಲ್ಲಿ ಕೇಂದ್ರದ ಮತ್ತು ರಾಜ್ಯಗಳ ಮಂತ್ರಿಗಳಿಗೆ ಆಸನವುಂಟು, ಪಟ್ಟಣಗಳಿಗೆ ಇಲ್ಲ. ಒಂದು ಕಾಲಕ್ಕೆ ತನ್ನ ಬಾಗಿಲಲ್ಲಿ ತಾನೇ ಕರವೆತ್ತಿದ ಊರು ಈಗ ಮೇಲಿನವರ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿದೆ.

ನಮ್ಮಲ್ಲಿ ಪೊಲೀಸ್ ಇಲಾಖೆಯು ಘಟನೆಯ ಮೇರೆಗೆ ರಾಜ್ಯದ ಅಧೀನ. ಅದು ಇರಬೇಕಾದ ಮಾತೇ. ಆದರೆ ೧೯೯೩ರಲ್ಲಿ ಜಾರಿಗೆ ಬಂದ ೭೪ನೆಯ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಭೆಗಳಿಗೆ ತಕ್ಕವೆಂದು ಹೇಳಿದ ೧೮ ವಿಷಯಗಳಲ್ಲಿ ಅಗ್ನಿಶಾಮಕ ಸೇವೆಯೂ ಉಂಟು, ಬೀದಿಯ ದೀಪವೂ ಉಂಟು. ನಮ್ಮ ನಾಡಿನಲ್ಲಿ ಅಗ್ನಿಶಾಮಕ ದಳವು ರಾಜ್ಯದ ಇಲಾಖೆಯಾಗಿಯೇ ಉಳಿದಿದೆ. ಕೆಲಸವನ್ನು ಘಟನೆ ಕೊಟ್ಟಿತು. ಕೆಲಸಕ್ಕೆ ತಕ್ಕ ಕಾಸನ್ನು ಯಾರೂ ಕೊಡಲಿಲ್ಲ. ಇನ್ನು ಉದ್ದೇಶಕ್ಕೆ ಕಟ್ಟಿದ ಉಪಕರಗಳ ಗತಿಯೇನು? ಆಸ್ತಿ ಕರದ ಚೀಟಿಯಲ್ಲಿ ಗ್ರಂಥಾಲಯದ ಹೆಸರಿನಲ್ಲಿ ನಾವು ತೆತ್ತ ಹಣವು ಗ್ರಂಥಾಲಯವನ್ನು ಮುಟ್ಟದೆ ಪೌರಾಡಳಿತದಲ್ಲಿಯೇ ಬಾಕಿಯಾಗಿ ನಿಂತ ಸಂಗತಿಯನ್ನು ಎಷ್ಟು ಸಲ ಕೇಳಿಲ್ಲ? ಸಭೆಗಳ ಅವಧಿ ಮುಗಿಯುವ ಮುಂಚೆಯೇ ಚುನಾವಣೆ ನಡೆಯಬೇಕೆಂದು ಘಟನೆ ವಿಧಿಸಿದ್ದರೂ, ಬೆಂಗಳೂರಿನ ನಗರಸಭೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ಆ ಮಹಾನಗರವು ವರುಷಗಟ್ಟಲೆ ಚುನಾಯಿತ ಸಭೆಯಿಲ್ಲದೆ ಕರ ತೆತ್ತಿತು. ಪ್ರತಿನಿಧಿಯಿಲ್ಲದವನಿಂದ ಕರವೆತ್ತಬಾರದೆಂಬ ತತ್ತ್ವಕ್ಕಾಗಿ ರಾಜ್ಯಗಳೇ ಉರುಳಿದುದನ್ನು ಇತಿಹಾಸದಲ್ಲಿ ಓದುವ ನಾವು ನಮ್ಮ ಬೀದಿಯಲ್ಲಿ ಅದನ್ನು ಮರೆಯಬಹುದೆ?

ಅಮೇರಿಕದ ವಿಕ್ರಯಕರವನ್ನು ಇಲ್ಲಿಗೆ ತಂದು ನೆಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅಲ್ಲಿಯ ದೋಷಗಳನ್ನು ಮೇಲೆ ಹೇಳಿಯೇ ಇದ್ದೇವೆ. ಅನುಕರಿಸಬೇಕಾದುದು ಕರವನ್ನಲ್ಲ, ಕೇಳುವ ಪದ್ಧತಿಯನ್ನು. ಹೊಸ ಕರವನ್ನಾಗಲಿ ಉಪಕರವನ್ನಾಗಲಿ ಹಾಕುವ ಮೊದಲು ಅದು ಯಾತಕ್ಕೆ, ಎಷ್ಟು ವರುಷಕ್ಕೆ ಎಂದು ಪೌರಸಭೆಯು ಬಹಿರಂಗವಾಗಿ ಹೇಳತಕ್ಕದ್ದು. ಆ ಹಣವನ್ನು ಬೇರೆ ಖಾತೆಯಲ್ಲಿ ಇಡತಕ್ಕದ್ದು. ಅದರಲ್ಲಿ ಒಂದು ಪಾಲನ್ನಾದರೂ ವಾರ್ಡಿನ ಸಭೆಗಳ ನಿರ್ಣಯದಂತೆ ಖರ್ಚು ಮಾಡತಕ್ಕದ್ದು. ವರುಷಕ್ಕೊಮ್ಮೆ ಲೆಕ್ಕವನ್ನು ಕನ್ನಡದಲ್ಲಿ, ಅಂಗಡಿಯವನಿಗೂ ಕೂಲಿಕಾರನಿಗೂ ತಿಳಿಯುವ ಮಾತಿನಲ್ಲಿ, ಪ್ರಕಟಿಸತಕ್ಕದ್ದು. ದಂಡವನ್ನು ಆದಾಯವೆಂದು ಆಯವ್ಯಯದಲ್ಲಿ ಎಣಿಸಕೂಡದು. ಸರಕು ಮತ್ತು ಸೇವಾ ತೆರಿಗೆಯ ಉತ್ಪನ್ನದಲ್ಲಿ ಪಟ್ಟಣಗಳ ಪಾಲನ್ನು ಕೃಪೆಯ ಅನುದಾನವಾಗಿ ಅಲ್ಲ, ಹಣಕಾಸು ಆಯೋಗದ ಸೂತ್ರದಂತೆ ಹಕ್ಕಾಗಿ ಕೊಡತಕ್ಕದ್ದು. ಚುನಾವಣೆಯನ್ನು ಒಂದು ದಿನವೂ ಮುಂದೂಡಕೂಡದು.

ಇವೆಲ್ಲ ಸರಕಾರದ ಕರ್ತವ್ಯವಾದವು. ಪೌರರದೂ ಒಂದು ಉಂಟು. ಮನೆಯ ಅಳತೆಯನ್ನು ಕಡಿಮೆ ತೋರಿಸಿ ಕರ ತಪ್ಪಿಸಿಕೊಂಡವನಿಗೆ ನೀರಿನ ಬಂಡಿ ತಡವಾಗಿ ಬಂದಿತೆಂದು ದೂರುವ ಅಧಿಕಾರ ಅರ್ಧ ಮಾತ್ರ. ಕರವನ್ನು ಪೂರ್ತಿಯಾಗಿ ತೆತ್ತು, ಲೆಕ್ಕವನ್ನು ಪೂರ್ತಿಯಾಗಿ ಕೇಳುವವನೇ ಪೌರನು. ವ್ಯಾಲೆಹೋ ನಗರದವರು ದಿವಾಳಿಯಾದ ಮೇಲೆ ಸಭೆ ಸೇರಿದರು. ನಮ್ಮ ಊರುಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಆಯವ್ಯಯದ ಸಭೆ ನಮ್ಮ ನಮ್ಮ ಪೌರಸಭೆಗಳಲ್ಲಿ ಯಾವ ದಿನ ಕೂಡುವುದೆಂಬುದನ್ನು ವಾಚಕರು ಇಂದೇ ವಿಚಾರಿಸಿ ತಿಳಿದುಕೊಳ್ಳಲಿ. ಆ ದಿನ ಪ್ರೇಕ್ಷಕರ ಬೆಂಚು ಬರಿದಾಗಿರದಿರಲಿ. ಊರನ್ನು ಕಾಯಲು ಕೂಲಿಗೆ ಜನ ಸಿಕ್ಕಾರು. ಊರಿನ ಬೊಕ್ಕಸವನ್ನು ಕಾಯುವ ಕೆಲಸವನ್ನು ಮಾತ್ರ ಊರಿನವರೇ ಮಾಡಬೇಕು.